ರಹಸ್ಯ ಭೇಟಿಯ ಸುದ್ದಿ ತಯಾರಿಸುವ ಕ್ರಮ

ಬೇಕಾಗುವ ಸಾಮಗ್ರಿ: ಅಮೆರಿಕದ ಒಂದು ಸೇನಾನೆಲೆ, ಒಬ್ಬ ನಿವೃತ್ತ ಅಧಿಕಾರಿ, ಕಾಣೆಯಾದ ಒಂದು ಕಡತ. ಅನ್ಯಗ್ರಹದವರು ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ.

ಮೊದಲು ಒಂದು ನಿಜವಾದ ಗುಟ್ಟನ್ನು ಹುಡುಕಿಕೊಳ್ಳಿ. ಬರೀ ಸುಳ್ಳಿನ ಮೇಲೆ ಕಟ್ಟಿದ್ದು ನಿಲ್ಲುವುದಿಲ್ಲ. ನ್ಯೂ ಮೆಕ್ಸಿಕೋದ ರಾಸ್‌ವೆಲ್ ಇದಕ್ಕೆ ಒಳ್ಳೆಯ ಮಾದರಿ. 1947ರ ಜುಲೈ 8ರಂದು ಅಲ್ಲಿನ ವಾಯುನೆಲೆಯವರೇ ಹಾರುವ ತಟ್ಟೆ ಸಿಕ್ಕಿದೆ ಎಂದು ಪ್ರಕಟಣೆ ಹೊರಡಿಸಿದರು. ಕೆಲವೇ ಗಂಟೆಗಳಲ್ಲಿ ಅವರ ಮೇಲಧಿಕಾರಿ ಜನರಲ್ ರೇಮಿ ಅದನ್ನು ಹವಾಮಾನದ ಬಲೂನು ಎಂದುಬಿಟ್ಟರು. ಅದೂ ಅರ್ಧಸತ್ಯವೇ. ಸೋವಿಯತ್ ಅಣುಪರೀಕ್ಷೆಯ ಸದ್ದನ್ನು ಮುಗಿಲೆತ್ತರದಲ್ಲಿ ಆಲಿಸಲು ‘ಮೊಗಲ್’ ಯೋಜನೆಯವರು ಹಾರಿಬಿಟ್ಟ ಬಲೂನುಗಳ ಸರವದು ಎಂದು ವಾಯುಪಡೆ ಬಾಯಿಬಿಟ್ಟದ್ದು 1994ರಲ್ಲಿ.

ಅಲ್ಲಿನ ದನಗಾವಲಿನಲ್ಲಿ ಬಿದ್ದಿದ್ದವು ರಬ್ಬರ್ ಚೂರು, ಬೆಳ್ಳಿಕಾಗದ, ಕಡ್ಡಿ, ಜೊತೆಗೆ ಹೂವಿನ ಚಿತ್ರವಿದ್ದ ಟೇಪು. ಆ ಟೇಪನ್ನು ಬಿಸಾಡಬೇಡಿ! ಉಪ್ಪಿನಕಾಯಿಯಂತೆ ಮೂವತ್ತು ವರ್ಷ ಊರಲು ಬಿಡಿ. ಹೂಗಳೆಲ್ಲ ತಾವಾಗಿಯೇ ಅನ್ಯಲೋಕದ ಲಿಪಿಯಾಗುತ್ತವೆ. ರಾಸ್‌ವೆಲ್‌ನಲ್ಲಿ ಆದದ್ದೂ ಇದೇ.

ಆಮೇಲೆ ಒಬ್ಬ ಅಧ್ಯಕ್ಷರನ್ನು ಒಂದು ರಾತ್ರಿಯ ಮಟ್ಟಿಗೆ ಕಾಣೆ ಮಾಡಬೇಕು. ಐಸೆನ್‌ಹೋವರ್ ಸಿದ್ಧವಾಗಿಯೇ ಇದ್ದಾರೆ. 1954ರ ಫೆಬ್ರವರಿ 20ರ ರಾತ್ರಿ, ಪಾಮ್ ಸ್ಪ್ರಿಂಗ್ಸ್‌ನಲ್ಲಿ ರಜೆಯಲ್ಲಿದ್ದಾಗ, ಅವರು ಹಲ್ಲಿನ ವೈದ್ಯರ ಬಳಿ ಹೋಗಿದ್ದರು. ಕೋಳಿ ತಿನ್ನುವಾಗ ಮುಂಬಲ್ಲಿನ ಕವಚ ಒಡೆದಿತ್ತಂತೆ. ಛೆ, ಇಷ್ಟು ಸಪ್ಪೆ ಕಾರಣವನ್ನು ಯಾರು ನಂಬುತ್ತಾರೆ? ಅವರನ್ನು ಎಡ್ವರ್ಡ್ಸ್ ವಾಯುನೆಲೆಗೆ ಕಳಿಸಿ, ಅನ್ಯಗ್ರಹದವರ ಎದುರು ಕೂರಿಸಿ. ಯಾರಾದರೂ ತಕರಾರು ತೆಗೆದರೆ ಹಲ್ಲಿನ ಚಿಕಿತ್ಸೆಯ ರಸೀದಿ ತೋರಿಸಿ ಎನ್ನಿ.

ಕಾಗದಪತ್ರವೂ ಇರಲಿ. 1984ರಲ್ಲಿ ಒಬ್ಬ ಟೆಲಿವಿಷನ್ ನಿರ್ಮಾಪಕರಿಗೆ ಅಂಚೆಯಲ್ಲಿ ಬಂದ ಫಿಲ್ಮ್ ಸುರುಳಿಯನ್ನು ತೊಳೆದಾಗ ‘ಮೆಜೆಸ್ಟಿಕ್ 12’ ಎಂಬ ರಹಸ್ಯ ಸಮಿತಿಯ ಕಡತ ಮೂಡಿತು. ಕೆಳಗೆ ಅಧ್ಯಕ್ಷ ಟ್ರೂಮನ್ ಸಹಿ. ಅದೇ ಸಹಿ, ಗೆರೆ ತಪ್ಪದೆ, ಅವರ 1947ರ ಇನ್ನೊಂದು ಪತ್ರದಲ್ಲೂ ಇತ್ತು. ಎಫ್‌ಬಿಐ ಕಡತವನ್ನು ನಕಲಿ ಎಂದು ಬರೆದು ಮುಚ್ಚಿತು. ನೀವು ಸಹಿ ಕದಿಯುವಾಗ ಸ್ವಲ್ಪ ಓರೆ ಮಾಡಿಕೊಳ್ಳಿ.

ಸಾಕ್ಷಿ ಕಣ್ಣಾರೆ ಕಂಡಿರಬಾರದು, ಕಂಡವರನ್ನು ಕಂಡಿರಬೇಕು. 2023ರ ಜುಲೈನಲ್ಲಿ ಮಾಜಿ ಗುಪ್ತಚರ ಅಧಿಕಾರಿ ಡೇವಿಡ್ ಗ್ರಶ್ ಅಮೆರಿಕದ ಸಂಸತ್ ಸಮಿತಿಯ ಮುಂದೆ ಪ್ರಮಾಣ ಮಾಡಿ ನುಡಿದದ್ದೂ ನಲವತ್ತಕ್ಕೂ ಹೆಚ್ಚು ಮಂದಿ ತಮಗೆ ಹೇಳಿದ ಮಾತುಗಳನ್ನು.

ಅನ್ಯಗ್ರಹದವರ ಪುರಾವೆ ಏನೂ ಸಿಗಲಿಲ್ಲ ಎಂದು 2024ರ ಮಾರ್ಚ್‌ನಲ್ಲಿ ಪೆಂಟಗನ್ನಿನ ತನಿಖಾ ಕಚೇರಿ ವರದಿ ಕೊಟ್ಟಿದೆ. ಗಾಬರಿ ಬೇಡ. ಕೊಟ್ಟವರು ಯಾರೆಂದು ಕೇಳಿ ಸಾಕು. ಒಂದು ಬಲೂನಿನ ಗುಟ್ಟನ್ನು ನಲವತ್ತೇಳು ವರ್ಷ ಬಚ್ಚಿಟ್ಟವರೂ ಸೇನೆಯವರೇ. ಗುಟ್ಟೆಂಬ ಈ ಸಾಮಗ್ರಿಗೆ ನೀವು ದುಡ್ಡು ಕೊಡಬೇಕಿಲ್ಲ, ಸರಕಾರವೇ ಪುಕ್ಕಟೆ ಒದಗಿಸುತ್ತದೆ.