ದಾನಕ್ಕೆ ಬಾರದವರಿಗೆ ದಂಡ

ಅಮೆರಿಕದ ಕಾಲೇಜುಗಳಲ್ಲಿ ಡೆಲ್ಟಾ ಗಾಮಾ ಎಂಬ ಹುಡುಗಿಯರ ಸಂಘವೊಂದಿದೆ. ಹುಟ್ಟಿದ್ದು 1873ರಲ್ಲಿ, ಮಿಸಿಸಿಪ್ಪಿಯಲ್ಲಿ. 1936ರಿಂದ ದೃಷ್ಟಿದೋಷವಿರುವವರ ಸೇವೆ ಅದರ ಧರ್ಮಕಾರ್ಯ. ಈ ಕಾರ್ಯಕ್ಕೆ ಹಣ ಕೂಡಿಸಲು ಅವರು ನಡೆಸುವ ಪಂದ್ಯದ ಹೆಸರು ಆ್ಯಂಕರ್ ಸ್ಪ್ಲ್ಯಾಶ್. ಹುಡುಗರ ಸಂಘಗಳಿಂದ ತಂಡಗಳು ಬಂದು ಈಜುಕೊಳಕ್ಕೆ ಧುಮುಕುತ್ತವೆ, ರಿಲೇ ಈಜುತ್ತವೆ, ಆಮೇಲೆ ಹಾಡಿಗೆ ತಕ್ಕಂತೆ ನೀರಿನಲ್ಲೇ ಕುಣಿಯುತ್ತವೆ. ದಡದಲ್ಲಿ ಶಿಳ್ಳೆ, ಚಪ್ಪಾಳೆ, ಮೊಬೈಲ್ ಕ್ಯಾಮೆರಾ. ಕಣ್ಣು ಕಾಣದವರ ಹೆಸರಿನಲ್ಲಿ ನಡೆಯುವ, ಕಣ್ಣಿದ್ದವರಿಗೆ ಮಾತ್ರ ದಕ್ಕುವ ಆಟ. ಯಾರು ಯೋಚಿಸಿದರೋ, ತಲೆ ಇದ್ದವರೇ ಇರಬೇಕು.

ಹುಡುಗರ ಫ್ರಾಟರ್ನಿಟಿ, ಹುಡುಗಿಯರ ಸೊರೋರಿಟಿ ಎರಡಕ್ಕೂ ಗ್ರೀಕ್ ಅಕ್ಷರಗಳೇ ಹೆಸರು. ಒಳಗಿನವರು ಗ್ರೀಕ್ ಓದುವುದಿಲ್ಲ, ಅದು ಬೇರೆ ಮಾತು. ಮನೆಗೊಬ್ಬ ಕುಲದೇವರಿದ್ದ ಹಾಗೆ ಈ ಮನೆಗಳಿಗೂ ಒಂದೊಂದು ಕಷ್ಟ ಹಂಚಿಕೆಯಾಗಿದೆ. ಜೀಟಾ ಟೌ ಆಲ್ಫಾದ ಪಾಲಿಗೆ ಸ್ತನ ಕ್ಯಾನ್ಸರ್, ಆಲ್ಫಾ ಕೈ ಒಮೇಗಾದ ಪಾಲಿಗೆ ಗಂಡನ ಕೈಲಿ ಏಟು ತಿನ್ನುವ ಹೆಂಡತಿ, ಕಪ್ಪಾ ಡೆಲ್ಟಾದ ಪಾಲಿಗೆ ಹಿಂಸೆಗೊಳಗಾದ ಮಗು. ಸಿಗ್ಮಾ ಕೈ ಹುಡುಗರ ಡರ್ಬಿ ಡೇಸ್‌ನಲ್ಲಿ ಪಾತ್ರ ಅದಲುಬದಲು: ಅಲ್ಲಿ ಹುಡುಗಿಯರು ಸ್ಪರ್ಧಿಸಬೇಕು, ಹುಡುಗರು ಅಂಕ ಕೊಡಬೇಕು. ಲಾಭವಾಗುವುದು ಕ್ಯಾನ್ಸರ್ ಸಂಶೋಧನೆಗಂತೆ. ಹುಡುಗರಿಗೇನೂ ನಷ್ಟವಾದಂತಿಲ್ಲ.

ಇಲ್ಲಿ ಒಂದು ದಡ್ಡ ಪ್ರಶ್ನೆ ಕೇಳಬೇಕು. ಪ್ರವೇಶ ಶುಲ್ಕ, ಟೀ ಶರ್ಟು, ಪಿಜ್ಜಾ, ಡಿಜೆ ಎಲ್ಲಕ್ಕೂ ಸುರಿದ ಮೇಲೆ ಮಿಕ್ಕಿದ್ದನ್ನು ಕುರುಡರಿಗೆ ಕೊಡುವ ಬದಲು, ಸುರಿಯುವ ಮೊದಲೇ ಕೊಟ್ಟುಬಿಡಬಾರದೆ? ಕೊಡಬಹುದು. ಆದರೆ ಚೆಕ್ಕಿಗೆ ಅಂಕವಿಲ್ಲ, ಟ್ರೋಫಿಯಿಲ್ಲ. ನಮ್ಮ ಹಿರಿಯರು ರಾಜನೀತಿಗೆಂದು ಇಟ್ಟ ನಾಲ್ಕು ಉಪಾಯಗಳೂ ಇಲ್ಲಿ ಪರೋಪಕಾರಕ್ಕೆ ದುಡಿಯುತ್ತವೆ. ಮೊದಲು ನಯವಾದ ಕರೆ, ಅದು ಸಾಮ. ದಾನ ಹೇಗೂ ಫಲಕದ ಮೇಲೆಯೇ ಇದೆ. ಆ ಮನೆಗಿಂತ ನಮ್ಮ ಮನೆ ಮುಂದೆ ಎಂಬುದು ಭೇದ. ಇಷ್ಟಾದರೂ ಪರೀಕ್ಷೆಗೆ ಓದಿಕೊಳ್ಳಬೇಕೆಂದು ಕೋಣೆಯಲ್ಲೇ ಉಳಿದ ಹುಡುಗಿಗೆ ಎಷ್ಟೋ ಸೊರೋರಿಟಿಗಳಲ್ಲಿ ದಂಡ ಬೀಳುತ್ತದೆ. ಸ್ವಂತ ಇಚ್ಛೆಯಿಂದ ಸೇವೆಗೆ ಬಾರದ ತಪ್ಪಿಗೆ!

ಇಂಡಿಯಾನಾ ವಿಶ್ವವಿದ್ಯಾಲಯದ ಲಿಟ್ಲ್ 500 ಸೈಕಲ್ ಪಂದ್ಯ 1951ರಿಂದ ನಡೆಯುತ್ತಿದೆ. ನಾಲ್ವರ ತಂಡ, ಗೇರಿಲ್ಲದ ಸೈಕಲ್, 200 ಸುತ್ತು. ಹುಡುಗಿಯರಿಗೆ ಬಹಳ ಕಾಲ ಟ್ರೈಸಿಕಲ್ ಪಂದ್ಯವೇ ಸಾಕೆಂದುಕೊಂಡಿದ್ದರು. ಸೈಕಲ್ ಸಿಕ್ಕಿದ್ದು 1988ರಲ್ಲಿ. ಪಂದ್ಯದ ಹಣ ಹೋಗುವುದು ದುಡಿದು ಓದುವವರ ವಿದ್ಯಾರ್ಥಿವೇತನಕ್ಕೆ. ದುಡಿದು ಓದುವವನಿಗೆ ಸೈಕಲ್ ಅಭ್ಯಾಸಕ್ಕೆ ಪುರುಸೊತ್ತೆಲ್ಲಿ? ಆ ವಾರಾಂತ್ಯ ಅವನು ಯಾವುದೋ ಬಾರಿನಲ್ಲಿ, ತನ್ನ ಸಲುವಾಗಿ ಪೆಡಲ್ ತುಳಿದು ದಣಿದವರ ಬಿಯರ್ ಲೋಟ ತೊಳೆಯುತ್ತಿರುತ್ತಾನೆ.

ನಮ್ಮವರೂ ಹಿಂದೆ ಬಿದ್ದಿಲ್ಲ. ದಕ್ಷಿಣ ಏಷ್ಯಾದ ಹುಡುಗರಿಗಾಗಿ ಡೆಲ್ಟಾ ಎಪ್ಸಿಲಾನ್ ಸೈ, ಹುಡುಗಿಯರಿಗಾಗಿ ಡೆಲ್ಟಾ ಫೈ ಒಮೇಗಾ, ಎರಡೂ 1998ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದವು. ಭಾನುವಾರದ ಕನ್ನಡ ಪಾಠದಲ್ಲಿ ‘ಳ’ ತನಕ ಬರುವಷ್ಟರಲ್ಲಿ ಆಕಳಿಸುತ್ತಿದ್ದ ಮಕ್ಕಳು ಆಲ್ಫಾದಿಂದ ಒಮೇಗಾವರೆಗೆ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡದ ಅಪ್ಪನಿಗೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಮಗ ಫೋನು ಮಾಡಿದನೆಂದುಕೊಳ್ಳಿ.

“ಅಪ್ಪಾ, ಈ ಶುಕ್ರವಾರ ಸಂಜೆಯಿಂದ 46 ಗಂಟೆ ಕೂರೋ ಹಾಗಿಲ್ಲ, ಮಲಗೋ ಹಾಗಿಲ್ಲ.”

“ಯಾರೋ ನಿನಗೆ ರ್‍ಯಾಗಿಂಗ್ ಮಾಡ್ತಿರೋದು? ಹೆಸರು ಹೇಳು.”

“ಅಯ್ಯೋ, ಇದು ಚಾರಿಟಿ ಅಪ್ಪಾ.”

“ಓ, ಹಾಗೋ. ರೆಸ್ಯೂಮೆಗೆ ಹಾಕ್ಕೋ ಮತ್ತೆ.”

ಅಪ್ಪನ ಮೊದಲ ಅನುಮಾನ ತೀರಾ ತಪ್ಪೂ ಅಲ್ಲ. ಮಗ ಹೇಳಿದ್ದು ಥಾನ್ ಎಂಬ ನೃತ್ಯ ಮ್ಯಾರಥಾನ್ ಬಗ್ಗೆ. 1973ರಲ್ಲಿ ಅದನ್ನು ಶುರು ಮಾಡಿದ್ದು ಅಲ್ಲಿನ ಫ್ರಾಟರ್ನಿಟಿಗಳ ಒಕ್ಕೂಟ. ನಿದ್ದೆಗೆಡಿಸುವುದು, ನಿಲ್ಲಿಸುವುದು, ಹೇಳಿದಂತೆ ಕುಣಿಸುವುದು ಆ ಮನೆಗಳಿಗೆ ಹೊಸ ವಿದ್ಯೆಯೇನಲ್ಲ. 2017ರ ಫೆಬ್ರುವರಿಯಲ್ಲಿ ಅದೇ ಕ್ಯಾಂಪಸ್ಸಿನ ಬೀಟಾ ಥೀಟಾ ಪೈ ಮನೆಯಲ್ಲಿ, ಹೊಸದಾಗಿ ಸೇರಿದ 19ರ ಹುಡುಗನೊಬ್ಬನಿಗೆ ಮಿತಿಮೀರಿ ಕುಡಿಸಿದರು. ಅವನು ನೆಲಮಾಳಿಗೆಯ ಮೆಟ್ಟಿಲಿನಿಂದ ಉರುಳಿದ. ತುರ್ತು ಸಹಾಯಕ್ಕೆ ಫೋನು ಮಾಡಲು ಫ್ರಾಟರ್ನಿಟಿಯ ಸಹೋದರರಿಗೆ ಹೆಚ್ಚುಕಡಿಮೆ 12 ಗಂಟೆ ಹಿಡಿಯಿತು. ಹುಡುಗ ಉಳಿಯಲಿಲ್ಲ. ಕಾಗದದ ಮೇಲೆ ಅದು ಮದ್ಯವಿಲ್ಲದ ಮನೆ. ಎರಡು ವಾರ ಕಳೆದ ಮೇಲೆ ಥಾನ್ ಎಂದಿನಂತೆ ನಡೆದು, ಒಂದು ಕೋಟಿ ಡಾಲರಿಗೂ ಮೀರಿ ಹಣ ಕೂಡಿತು. 46 ಗಂಟೆ ನಿಲ್ಲಬಲ್ಲ ಕಾಲುಗಳಿದ್ದ ಊರಿನಲ್ಲಿ ಫೋನಿನವರೆಗೆ ಹೋಗುವ ಕಾಲೊಂದು ಸಿಕ್ಕಿರಲಿಲ್ಲ. ಮರುವರ್ಷ ಪೆನ್ಸಿಲ್ವೇನಿಯಾ ರ್‍ಯಾಗಿಂಗ್ ವಿರುದ್ಧ ಕಠಿಣ ಕಾನೂನು ತಂದಿತು.

ಹಾಗೆಂದು ಆ ಕೋಟಿ ಡಾಲರ್ ಸುಳ್ಳಲ್ಲ. ಫೋರ್ ಡೈಮಂಡ್ಸ್ ಎಂಬ ನಿಧಿಯ ಮೂಲಕ ಅದು ಹರ್ಷಿ ಪಟ್ಟಣದ ಮಕ್ಕಳ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುವ ಮಕ್ಕಳ ಬಿಲ್ಲಿನಲ್ಲಿ ವಿಮೆ ಕೈಬಿಟ್ಟ ಭಾಗವನ್ನು ನಿಧಿ ತುಂಬುತ್ತದೆ. ಆ ತಂದೆತಾಯಿಯ ಮುಂದೆ ನಿಂತು ಈ ಬರಹ ಓದುವ ಧೈರ್ಯ ನನಗಿಲ್ಲ. ಆದರೆ ಚಂದ್ರನ ಮೇಲೆ ಕಾಲಿಟ್ಟ ದೇಶದಲ್ಲಿ ಆರು ವರ್ಷದ ಮಗುವಿನ ಕಿಮೋಥೆರಪಿಗೆ ಕಾಲೇಜು ಹುಡುಗರ ಮೀನಖಂಡ ಯಾಕೆ ಊದಿಕೊಳ್ಳಬೇಕು ಎಂದು ಆ ಗದ್ದಲದಲ್ಲಿ ಕೇಳಿದರೆ ರಸಭಂಗವಾಗುತ್ತದೆ. ಪ್ರತಿ ವರ್ಷ ಏಳುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆ ಅಂಗಳದಲ್ಲಿ ಕುಣಿಯುತ್ತಾರೆ. ಬಾಕಿ ಉಳಿಸಿದ ವಿಮಾ ಕಂಪನಿಗಳಿಂದ ಒಂದು ತಂಡವಾದರೂ ಹೆಸರು ಕೊಟ್ಟ ಸುದ್ದಿ ಇನ್ನೂ ಬಂದಿಲ್ಲ.