ಮಲಕ್ಕಾದ ಪರಮೇಶ್ವರ ಮಹಾರಾಜರಿಗೆ ಒಂದು ತಕರಾರು ಅರ್ಜಿ

ಮಹಾಸ್ವಾಮಿ,

ತಮ್ಮ ಮೇಲೆ ನಮ್ಮದೊಂದು ದೂರಿದೆ. ಮಲಯ ಸೀಮೆಗೆ ಇಸ್ಲಾಂ ಬಂದದ್ದು ಹೇಗೆ ಎಂದು ಜಗಳವಾಡಲು ನಾವು ಎರಡು ಪಂಗಡವಾಗಿ ತಯಾರಾಗಿದ್ದೇವೆ. ಒಂದಕ್ಕೆ ಕತ್ತಿ ಬೇಕು, ಇನ್ನೊಂದಕ್ಕೆ ಪವಾಡ. ತಾವು ಎದುರಿಗಿಟ್ಟದ್ದು ಸುಂಕದ ಲೆಕ್ಕ!

ಕತ್ತಿ ಹಿಡಿಯಲಾರದವರೇನೂ ತಾವಲ್ಲ. ಪಾಲೆಂಬಾಂಗಿನಿಂದ ಓಡಿಬಂದು, ಆಸರೆ ಕೊಟ್ಟ ತೆಮಾಸೆಕ್‌ನ, ಅಂದರೆ ಇಂದಿನ ಸಿಂಗಪುರದ ಒಡೆಯನನ್ನೇ ಮುಗಿಸಿದಿರಿ ಎಂದು ಪೋರ್ಚುಗೀಸರು ಬರೆದಿಟ್ಟಿದ್ದಾರೆ. ಆದರೆ ಅದು ಗದ್ದುಗೆಯ ವ್ಯವಹಾರ, ಧರ್ಮದ್ದಲ್ಲ. ಅಲ್ಲಿಂದಲೂ ಎತ್ತಂಗಡಿಯಾಗಿ, 1400ರ ಆಸುಪಾಸಿನಲ್ಲಿ ಮಲಕ್ಕಾ ಜಲಸಂಧಿಯ ದಡದಲ್ಲಿ ಠಿಕಾಣಿ ಹೂಡಿದಿರಿ. ಅಕ್ಕಿಯನ್ನೂ ಹೊರಗಿನಿಂದ ತರಿಸಿಕೊಳ್ಳಬೇಕಾದ ಊರು. ಅಲ್ಲಿದ್ದ ಆಸ್ತಿ ಗಾಳಿ.

ಗುಜರಾತಿನ ಬಂದರು ಖಂಬಾತಿನ ಬಟ್ಟೆ ಒಂದು ಮಾರುತದಲ್ಲಿ ಬರುತ್ತಿತ್ತು, ಚೀನಾದ ಪಿಂಗಾಣಿ ಇನ್ನೊಂದರಲ್ಲಿ. ಗಾಳಿ ತಿರುಗುವ ತನಕ ವ್ಯಾಪಾರಿಗಳು ತಿಂಗಳುಗಟ್ಟಲೆ ಅಲ್ಲೇ ಬಿದ್ದಿರಬೇಕು. ಹಾಗೆ ಬಿದ್ದಿರುವವನಿಗೆ ಮೊದಲು ಗೋದಾಮು ಬೇಕು, ಆಮೇಲೆ ಸಾಲ, ಸಂಬಂಧ, ಮಸೀದಿ, ಖಾಜಿ, ಕೊನೆಗೊಂದು ಗೋರಿ. ಗೋರಿಯ ಕಲ್ಲಿಗೂ ಅದೇ ಹಡಗು. ಸುಮಾತ್ರಾದ ಪಸಾಯ್‌ನಲ್ಲಿ ರಾಣಿ ನಹ್ರಾಸಿಯಾ 1428ರಲ್ಲಿ ತೀರಿಕೊಂಡಾಗ ಆಕೆಯ ಸಮಾಧಿಗೆ ಬಂದದ್ದು ಖಂಬಾತಿನ ಅಮೃತಶಿಲೆ, ಮೈತುಂಬ ಅರಬ್ಬಿ ಅಕ್ಷರ ಕೆತ್ತಿದ್ದು. ಪಸಾಯ್ ತಮಗಿಂತ ನೂರು ವರ್ಷ ಮೊದಲೇ ಮುಸಲ್ಮಾನರ ಬಂದರು. ಅಲ್ಲಿಯ ಸುಲ್ತಾನ ಮಲಿಕುಲ್ ಸಾಲಿಹ್‌ನ ಗೋರಿಯ ಮೇಲಿರುವುದು 1297ರ ತೇದಿ. ಆ ಬಂದರಿನ ಗಿರಾಕಿಗಳ ಮೇಲೆ ತಮ್ಮ ಮನೆತನದ ಕಣ್ಣು ಬಿತ್ತು. ಸರಿ, ಬೀಗತನ ಕುದುರಿತು.

ಇಲ್ಲಿಯೇ ನೋಡಿ ನಮಗೆ ಫಜೀತಿ. ಕಲಿಮಾ ಓದಿದ್ದು ತಾವೋ, ಮಗನೋ, ಮೊಮ್ಮಗನೋ? ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಪಸಾಯ್ ರಾಜನ ಮಗಳನ್ನು ಮದುವೆಯಾಗಿ ಎಂದು ಪೋರ್ಚುಗೀಸ್ ಬರಹಗಾರ ತೊಮೆ ಪಿರೇಸ್ ಬರೆಯುತ್ತಾನೆ. ತಮ್ಮವರದೇ ಚರಿತ್ರೆ ‘ಸೆಜರಾ ಮೆಲಯು’ವನ್ನು ಕೇಳಿದರೆ, ರಾಜನಿಗೆ ಕನಸು ಬಿತ್ತಂತೆ. ಮರುದಿನ ಸಂಜೆಯ ನಮಾಜಿನ ಹೊತ್ತಿಗೆ ಜೆದ್ದಾದ ಹಡಗು ಬಂತಂತೆ. ಪವಾಡ ಕೂಡ ಬಂದರಿಗೇ ಬಂದು ಲಂಗರು ಹಾಕಬೇಕೆ? ಇನ್ನು ತಮ್ಮ ವಂಶದ ಸುಲ್ತಾನ ಮೊಹಮ್ಮದ್ ಷಾನ ನಂತರ ಪಟ್ಟಕ್ಕೆ ಬಂದವನ ಬಿರುದು ಶ್ರೀ ಪರಮೇಶ್ವರ ದೇವ ಷಾ. ಶ್ರೀಯೂ ಇದೆ, ದೇವನೂ ಇದ್ದಾನೆ, ಷಾ ಕೂಡ. ಇಂಥವರ ಜಯಂತಿಯನ್ನು ಯಾವ ಇಲಾಖೆ ಮಾಡಬೇಕು, ವಿರೋಧಿಸಿ ಯಾರು ಬಂದ್‌ಗೆ ಕರೆ ಕೊಡಬೇಕು, ತಾವೇ ಹೇಳಿ.

ಭಕ್ತಿ ಪಶ್ಚಿಮದ ಕಡೆಗಿದ್ದರೂ ಭದ್ರತೆಗೆ ತಾವು ನೋಡಿದ್ದು ಪೂರ್ವವನ್ನು. 1411ರಲ್ಲಿ 540 ಜನರ ಪರಿವಾರ ಕಟ್ಟಿಕೊಂಡು ಮಿಂಗ್ ಚಕ್ರವರ್ತಿಗೆ ಅಡ್ಡಬಿದ್ದು ಬಂದಿರಿ. ತಮ್ಮೂರಿನ ಮೇಲೆ ಕಣ್ಣಿಟ್ಟಿದ್ದ ಸಯಾಮನ್ನು ದೂರವಿಡಲು ಅಷ್ಟು ಸಾಕಿತ್ತು.

ಮುಂದೆ ತಮ್ಮ ವಂಶದವರು ಬಂದರು ನೋಡಿಕೊಳ್ಳಲು ನಾಲ್ವರು ಶಾಬಂದರ್‌ಗಳನ್ನು ನೇಮಿಸಿದರು. ಗುಜರಾತಿಗಳಿಗೇ ಒಬ್ಬ. (ನಮ್ಮ ಭಟ್ಕಳದಲ್ಲಿ ಶಾಬಂದ್ರಿ ಮನೆತನ ಈಗಲೂ ಇದೆ, ತಮಗೆ ತಿಳಿದಿರಲಿ.) ಹಡಗು ಬಂದೊಡನೆ ಆ ಅಧಿಕಾರಿ ಸರಕು ಬರೆಸಿಕೊಂಡು, ಗೋದಾಮು ತೋರಿಸಿ, ವ್ಯಾಪಾರಿಯನ್ನು ಮಂತ್ರಿಯ ಮುಂದೆ ನಿಲ್ಲಿಸುತ್ತಿದ್ದ. ಪಶ್ಚಿಮದ ಸರಕಿಗೆ ನೂರಕ್ಕೆ ಆರು ಸುಂಕ. ಪೂರ್ವದವರಿಗೆ ಸುಂಕ ಮಾಫಿ, ಕಾಣಿಕೆ ಕಡ್ಡಾಯ. ಪೇಟೆಯಲ್ಲಿ 84 ಭಾಷೆ ಕೇಳಿಬರುತ್ತಿದ್ದವೆಂದು ಪಿರೇಸ್ ಲೆಕ್ಕ ಕೊಡುತ್ತಾನೆ. ಯಾವ ಭಾಷೆಯ ನಾಮಫಲಕ ಮೇಲಿರಬೇಕು ಎಂದು ಗಲಾಟೆಯಾದ ದಾಖಲೆ ನನಗೆ ಸಿಕ್ಕಿಲ್ಲ.

ಕಡೆಗೆ ಬಂದವನು ಪೋರ್ಚುಗೀಸರ ಅಲ್ಬುಕರ್ಕ್. 1510ರಲ್ಲಿ ಹೊನ್ನಾವರದ ತಿಮ್ಮೋಜನ ನೆರವಿನಿಂದ ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಗೋವೆ ಕಸಿದುಕೊಂಡವನು, ಮರುವರ್ಷವೇ ತಮ್ಮೂರಿಗೆ ನುಗ್ಗಿದ. ಕತ್ತಿ ಕೇಳುತ್ತಿದ್ದವರಿಗೆ ಇಲ್ಲಿ ಬೇಕಾದಷ್ಟಿದೆ, ಹಿಡಿದ ಕೈ ಮಾತ್ರ ಬೇರೆ. ಮಸೀದಿಯ ಕಲ್ಲು, ರಾಜಗೋರಿಗಳ ಕಲ್ಲು ಕಿತ್ತು ಕೋಟೆ ಕಟ್ಟಿದ. ಮುಸಲ್ಮಾನ ವರ್ತಕರು ಗಂಟು ಕಟ್ಟಿ ಅಚೆಯತ್ತ, ಬ್ರೂನೈಯತ್ತ ಹೊರಟರು. ಅವರ ಹಿಂದೆಯೇ ಮುಲ್ಲಾಗಳು. ಸುಂಕದ ಕಟ್ಟೆ ಅವನಿಗೆ ಉಳಿಯಿತು, ಗಿರಾಕಿಗಳು ಬೇರೆ ದಾರಿ ಹಿಡಿದರು.

ಇಂತಿ,
ತಮ್ಮ ವಿಧೇಯ ತಕರಾರುದಾರ