ಪೇಪರ್ ಕಪ್‌ನೊಡನೆ ಒಂದು ಸಂದರ್ಶನ

ಕಾಗದದ ಕುಲದಲ್ಲಿ ಹುಟ್ಟಿಯೂ ಬಿಸಿ ಚಹಾಕ್ಕೆ ಹೆದರದ ಪೇಪರ್ ಕಪ್ಪಿಗೆ ಸಂದರ್ಶಕನು ಹಾಕಿದ ಮೊದಲ ಪ್ರಶ್ನೆ ಅದರ ಹುಟ್ಟುಗುಣವನ್ನು ಕುರಿತದ್ದು. ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಹೆಣಿಗೆ. ಆ ನಾರುಗಳ ಮೇಲಿರುವ ಹೈಡ್ರಾಕ್ಸಿಲ್ ಗುಂಪುಗಳು, ಎಂದರೆ ಆಮ್ಲಜನಕ ಮತ್ತು ಜಲಜನಕದ ಜೋಡಿಗಳು, ನೀರನ್ನು ಹಿಡಿದುಕೊಳ್ಳುತ್ತವೆ, ನಾರುಗಳ ನಡುವಿನ ಸಂದುಗಳು ಅದನ್ನು ಒಳಕ್ಕೆ ಹೀರುತ್ತವೆ. ಅದೆಲ್ಲ ಪೂರ್ವಾಶ್ರಮದ ಮಾತು, ಈಗ ಸಂಸ್ಕಾರವಾಗಿದೆ ಎಂದು ಕಪ್ಪು ಗತ್ತಿನಿಂದ ಉತ್ತರಿಸಿತು.

ಸಂಸ್ಕಾರದ ಚರಿತ್ರೆಯನ್ನು ಅದು ಉತ್ಸಾಹದಿಂದಲೇ ಬಿಚ್ಚಿತು. ಜರ್ಮನಿಯ ಮೊರಿಟ್ಜ್ ಇಲ್ಲಿಗ್ 1807ರಲ್ಲಿ ರಾಳ ಮತ್ತು ಪಟಿಕವನ್ನು ಕಾಗದದ ತಿರುಳಿಗೇ ಬೆರೆಸುವ ವಿಧಾನವನ್ನು ಪ್ರಕಟಿಸಿದನು. ಶಾಯಿ ಹರಡದಿರಲು ಅಷ್ಟು ಸಾಕಿತ್ತು, ಪಾನೀಯಕ್ಕೆ ಸಾಲದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಲಾರೆನ್ಸ್ ಲುಯೆಲೆನ್ ಕಾಗದದ ಕಪ್ಪನ್ನು ರೂಪಿಸಿದನು, 1909ರಲ್ಲಿ ಕ್ಯಾನ್ಸಸ್ ರಾಜ್ಯವು ಎಲ್ಲರೂ ಬಾಯಿಟ್ಟು ಕುಡಿಯುವ ಸಾರ್ವಜನಿಕ ಲೋಟವನ್ನು ನಿಷೇಧಿಸಿ ಅದಕ್ಕೆ ದಾರಿ ಮಾಡಿಕೊಟ್ಟಿತು. ಆ ಕಾಲದ ಮೇಣದ ಲೇಪವು ತಣ್ಣೀರಿಗೆ ಸರಿ, ಕಾಫಿ ಸುರಿದರೆ ಕರಗುತ್ತಿತ್ತು ಎಂಬುದನ್ನು ಮಾತ್ರ ಕಪ್ಪು ಕೆಮ್ಮಿನ ನಡುವೆ ತೇಲಿಸಿತು.

ಹಾಗಾದರೆ ಈಗ ಒಳಗಿರುವುದು ಯಾರೆಂಬ ಪ್ರಶ್ನೆಗೆ ಬಾಡಿಗೆದಾರನೆಂಬ ಉತ್ತರ ಬಂತು. ಆತನ ಹೆಸರು ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್, ಜಾತಿ ಪ್ಲಾಸ್ಟಿಕ್. ಸುಮಾರು 105ರಿಂದ 115 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವವನಾದುದರಿಂದ 100 ಡಿಗ್ರಿಯ ಕುದಿನೀರಿನೆದುರು ಆತನಿಗಿರುವ ಆಸರೆ ಕೆಲವೇ ಡಿಗ್ರಿಗಳದು. ನೀರು ತಡೆಯುವವನು ಆತ, ಪಕ್ಕದ ಜೋಡಣೆಯನ್ನು ಬಿಸಿಯಲ್ಲಿ ಮೆದುವಾಗಿ ಬೆಸೆಯುವವನೂ ಆತ, ಆದರೆ ಫಲಕದ ಮೇಲಿರುವುದು ಮನೆಯೊಡೆಯನ ಹೆಸರು. ಒಳಬದಿಯ ಜೋಡಣೆಯಲ್ಲಿ ಕತ್ತರಿಸಿದ ಅಂಚಿಗೆ ಲೇಪ ಸಿಗದೆ ಕಾಫಿಯ ಕಂದು ಗೆರೆ ಮೇಲೇರುವುದನ್ನು ಸಂದರ್ಶಕನು ಬೆರಳಿಟ್ಟು ತೋರಿಸಿದಾಗ, ಅದು ಅಲಂಕಾರವೆಂದು ಕಪ್ಪು ವಾದಿಸಿತು.

ಖರಗ್‌ಪುರದ ಐಐಟಿಯ ಸಂಶೋಧಕರು 85ರಿಂದ 90 ಡಿಗ್ರಿಯ 100 ಮಿಲಿಲೀಟರ್ ನೀರನ್ನು ಇಂತಹ ಕಪ್ಪಿನಲ್ಲಿ 15 ನಿಮಿಷ ಇಟ್ಟಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗಿಳಿದವೆಂದು ವರದಿ ಮಾಡಿದ್ದನ್ನು ಎತ್ತಿದಾಗ, ತಪ್ಪು ಲೇಪದ್ದಲ್ಲ, ಕಪ್ಪು ಹಿಡಿದು ಕಾಲು ಗಂಟೆ ರಾಜಕೀಯ ಹರಟುವವರದ್ದು ಎಂಬ ಸಮಜಾಯಿಷಿ ದೊರೆಯಿತು. ಈ ವಾದವನ್ನು ಪೂರ್ತಿ ತಳ್ಳಿಹಾಕುವುದು ಕಷ್ಟವೇ. ಲೇಪವನ್ನು ನಾರಿನಿಂದ ಬಿಡಿಸುವುದು ತ್ರಾಸದ ಕೆಲಸವಾದ್ದರಿಂದ ಸಾಮಾನ್ಯ ಕಾಗದದ ಗಿರಣಿಗಳು ಇಂತಹ ಕಪ್ಪನ್ನು ಮರುಬಳಕೆಗೆ ಒಲ್ಲವೆಂಬ ಆಕ್ಷೇಪಕ್ಕೆ, ಎರಡು ಜಾತಿಯವರ ದಾಂಪತ್ಯವನ್ನು ಮುರಿಯುವುದು ಸಭ್ಯತೆಯಲ್ಲವೆಂದು ಅದು ಗದರಿತು.

ಯಾವ ಲೇಪವೂ ಬೇಡದ ಸ್ಟೀಲ್ ಲೋಟದ ಮಾತು ಬಂದದ್ದು ಕೊನೆಗೆ. ತೊಳೆಯುವವರು ಯಾರೆಂದು ಕಪ್ಪು ಹಾಕಿದ ಮರುಪ್ರಶ್ನೆಯನ್ನು ಸಂದರ್ಶಕನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.